ಮಗ್ಗದ ಮನೆಯವಳ ಪಿಸುಮಾತು

ಜಗಳವಾಡಿಕೊಂಡು ವರ್ಷದಿಂದ ಬೇರೆಯಿದ್ದ ನನ್ನ ಗಂಡ, ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದವನು, ರಾಜಿಯಾಗಿ ದೊಡ್ಡಬಳ್ಳಾಪುರದ ಮನೆಗೆ ಮರಳಿದ. ಅಂದು ಒಟ್ಟಿಗೆ ಮಲಗಿದೆವು, ಕಾಂಡೋಮ್ ಇಲ್ಲದೆ. ಬೆಳಿಗ್ಗೆ ಕಾಫಿ ಹೀರುತ್ತಾ, ತನಗೆ ಎಚ್‌ಐವಿ ಇದೆ, ಗೊತ್ತಾಗಿ ತಿಂಗಳುಗಳಾದವು ಎಂದ.

ಲೋಟ ಅಲ್ಲೇ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮನಿಗೆ ಪಿಸುಮಾತಿನಲ್ಲೇ ಹೇಳಿದೆ ಅಂದುಕೊಂಡಿದ್ದೆ. ಪವರ್‌ಲೂಮ್ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ ಪಿಸುಮಾತು ಎಲ್ಲಿಂದ ಬರಬೇಕು? ಪರದೆಯಾಚೆ ಸಾಲಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು.

"ಸೋಂಕು ತಡೆಯೋಕೆ ಮಾತ್ರೆ ಇದೆಯಮ್ಮಾ. ಮೂರು ದಿನದೊಳಗೆ ಶುರು ಮಾಡ್ಬೇಕು, ಇವತ್ತೇ ಆದ್ರೆ ಇನ್ನೂ ಒಳ್ಳೇದು. ವಾಕರಿಕೆ ಬಂದ್ರೂ ತಿಂಗಳು ಪೂರ್ತಿ ಬಿಡಂಗಿಲ್ಲ. ಮನೇಲಿ ಕೇಳ್ಕೊಂಡ್ ಬರ್ತೀರಾ?"

"ಯಾರನ್ನ ಕೇಳ್ಲಿ ಮೇಡಂ? ಕೊಡಿ," ಎಂದೆ. ಈ ಸಲ ಬೇಕೆಂದೇ ಕೂಗಿದೆ. ಪರೀಕ್ಷೆಗೆ ರಕ್ತ ಕೊಟ್ಟು, ಮೊದಲ ಮಾತ್ರೆಯನ್ನು ಅಲ್ಲೇ ನುಂಗಿದೆ.

ನನಗಿಂತ ಮೊದಲೇ ಸುದ್ದಿ ಮನೆ ಸೇರಿತ್ತು. ಅತ್ತೆ ತಮ್ಮ ಮಗನನ್ನು ಒಂದು ಮಾತೂ ಅನ್ನಲಿಲ್ಲ. "ಊರಿಗೆಲ್ಲ ಡಂಗುರ ಸಾರ್ಬಿಟ್ಯಲ್ಲೇ! ಮೆತ್ತಗೆ ಹೇಳಕ್ಕಾಗ್ತಿರ್ಲಿಲ್ವಾ?" ಎಂದು ನನ್ನ ಮೇಲೆ ಎಗರಿದರು.

ಮಗ್ಗದ ಸದ್ದಿಗೆ ಉಪ್ಪನ್ನೂ ಕೂಗಿಯೇ ಕೇಳುವ ಮನೆ ಅದು. ಅಲ್ಲಿ ಬಾಯಿಮುಚ್ಚಿಕೊಂಡಿರಲು ಕಲಿತವನು ಅವರ ಮಗನೊಬ್ಬನೇ.