ದೊಡ್ಡಪ್ಪನ ಹೆಸರು ಹೇಳಿದವನು

ಬಸ್ಸಿಗೆ ಕಲ್ಲು ಎಸೆದವನು ನಾನು. ಠಾಣೆಯ ದಾಖಲೆಯಲ್ಲಿರುವುದು ನನ್ನ ಅಣ್ಣ, ದೊಡ್ಡಪ್ಪನ ಮಗ. ಇಪ್ಪತ್ತಾರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಹೇಳಲಿಲ್ಲವೆಂದೇ ನನ್ನ ನಂಬಿಕೆ.

ಇಬ್ಬರ ಹೆಸರೂ ಶರಣಪ್ಪ. ಅಜ್ಜ ತೀರಿಕೊಂಡ ವರ್ಷವೇ ಇಬ್ಬರೂ ಹುಟ್ಟಿದೆವು. ಅಜ್ಜನ ಹೆಸರನ್ನು ಎರಡೂ ಮನೆಯವರು ಬಿಟ್ಟುಕೊಡಲಿಲ್ಲ. ಮೂರು ತಿಂಗಳು ದೊಡ್ಡವನಾದ ಅವನು ಗಡಿಯಂಚಿನ ನಮ್ಮೂರು ಯೆಣೆಗೂರಿಗೆ ದೊಡ್ಡ ಶರಣ, ನಾನು ಸಣ್ಣ ಶರಣ. ಕಾಗದದಲ್ಲಿ ನಮ್ಮನ್ನು ಬೇರೆ ಮಾಡುತ್ತಿದ್ದುದು ತಂದೆಯ ಹೆಸರೊಂದೇ.

ಉದಗೀರದಲ್ಲಿ ಓದುತ್ತಿದ್ದಾಗ, ನಿಲಂಗಾ ದಾರಿಯಲ್ಲಿ, ಕಂಡಕ್ಟರ್ ನನ್ನನ್ನು ಬಸ್ಸಿನಿಂದ ಇಳಿಸಿದ. ಮೊದಲು ಬೈದವನು ನಾನೇ. ಬಸ್ಸು ಹೊರಟಿತು, ಕಲ್ಲು ಎತ್ತಿಕೊಂಡೆ. ಗಾಜು ಒಡೆದು ಕಂಡಕ್ಟರನ ಹಣೆ ಸೀಳಿತು. ದಾರಿಯಲ್ಲಿದ್ದವರು ನನ್ನನ್ನು ಹಿಡಿದು ಠಾಣೆಗೆ ಒಪ್ಪಿಸಿದರು. ಠಾಣೆಯಲ್ಲಿ ನನ್ನ ಹೆಸರು ಬರೆದುಕೊಂಡ ಹವಾಲ್ದಾರ ಮರಾಠಿಯಲ್ಲಿ ಕೇಳಿದ, "ಬಾಪಾಚ ನಾಂವ?" ಅಪ್ಪನ ಹೆಸರು ಬಾಯಿಗೆ ಬಂದಿತ್ತು. ದೊಡ್ಡಪ್ಪನ ಹೆಸರು ಹೇಳಿದೆ. ಹೆದರಿಕೆಯಿಂದ ಎಂದು ಬರೆದರೆ ಸಮಾಧಾನವಾಗುತ್ತದೆ — ಆದರೆ ಯೋಚಿಸಿದ್ದೆ. ಅಷ್ಟು ಸಮಯವಿತ್ತು. ಎಚ್ಚರಿಕೆ ಕೊಟ್ಟು ಬಿಟ್ಟರು, ಪ್ರಕರಣ ದಾಖಲೆಯಲ್ಲಿ ಉಳಿಯಿತು.

ಎರಡು ವರ್ಷದ ನಂತರ ಅಣ್ಣ ಕೇಂದ್ರ ಸರ್ಕಾರದ ಶಸ್ತ್ರಾಸ್ತ್ರ ಕಾರ್ಖಾನೆಗೆ ಆಯ್ಕೆಯಾದ. ಪೊಲೀಸ್ ಪ್ರಕರಣವೇನಾದರೂ ಇದೆಯೇ ಎಂದು ಅರ್ಜಿ ಕೇಳಿತ್ತು. ಇಲ್ಲ ಎಂದು ಬರೆದಿದ್ದ. ವಿಚಾರಣೆಗೆ ಬಂದವನ ಮುಂದೆ "ನಾ ಅಲ್ರೀ ಸಾಹೇಬ್ರ" ಎಂದು ಮೂರು ಸಲ ಹೇಳಿದ. ಆ ಸಾಹೇಬ ಹೊರಗೆ ಬಂದು ನನಗೆ — ನನಗೇ — ಹೇಳಿದ: "ಕಲ್ಲ ಒಗದದ್ದು ಹುಡುಗತನ ಅಂತ ಬಿಡತಿದ್ರೀ. ಮುಚ್ಚಿಟ್ಟಾನಲ್ಲ, ಅದು ನಡಿಯಂಗಿಲ್ಲ." ನಾನು ಅವನಿಗೆ ಚಹಾ ಕೊಟ್ಟೆ. ಅಣ್ಣನ ನೌಕರಿ ಹೋಯಿತು. ಮರುವರ್ಷ ನನಗೆ ಕೇಂದ್ರದ ಕೆಲಸ ಸಿಕ್ಕಿತು. ನನ್ನ ವಿಚಾರಣೆಯಲ್ಲಿ ಒಂದು ಕಲೆಯೂ ಸಿಗಲಿಲ್ಲ.

ಊರವರು ಅವನನ್ನು ಕಾಡಿದರು. "ಏ ಶರಣ, ಬಸ್ ಬಂತ ನೋಡೋ, ಕೈ ಹಿಂದ ಕಟ್ಕೋ." ಮೊದಲು ಜಗಳಕ್ಕೆ ಹೋಗುತ್ತಿದ್ದ, ಆಮೇಲೆ ನಗುತ್ತಿದ್ದ. ಆಮೇಲೆ ಯಾವಾಗಲೋ, ಯಾರೂ ಹೇಳದಿದ್ದರೂ, ಬಸ್ಸು ಬಂದಾಗ ತಾನಾಗಿಯೇ ಕೈ ಹಿಂದೆ ಕಟ್ಟತೊಡಗಿದ.

ಎರಡು ತಿಂಗಳ ಹಿಂದೆ ಅವನ ಮಗಳು ಗೌರಿ ಅಂಥದೇ ಹುದ್ದೆಗೆ ಆಯ್ಕೆಯಾದಳು. ಅರ್ಜಿ ಮನೆಯವರ ಮೇಲಿನ ಪ್ರಕರಣಗಳನ್ನೂ ಕೇಳಿತ್ತು. ತನ್ನ ಮೋಟಾರು ರಿಪೇರಿ ಅಂಗಡಿಯಲ್ಲಿ ಕೂತು, ನನ್ನ ಎದುರೇ, ಅಣ್ಣ ಅವಳಿಗೆ ಹೇಳಿದ: "ನಮ್ಮಪ್ಪ ಕಲ್ಲ ಒಗದಿದ್ದ ಅಂತ ಬರಿ, ಅವ್ವಾ. ಮುಚ್ಚಿದ್ರ ನನ್ನ ಗತಿನೇ ನಿನಗೂ." ಮತ್ತೆ ಸಾವಕಾಶ ಹೇಳಿದ: "ಹಣಿಮ್ಯಾಲ ರಕ್ತ ಸುರೀತಿತ್ತು. ಆದ್ರೂ ಆ ಕಂಡಕ್ಟರ್ ಹೋಗ್ಲಿ ಅಂತ ಎರಡ ಸಲ ಗಂಟಿ ಹೊಡದಾ, ಬಸ್ ನಿಂದ್ರಲಿಲ್ಲ."

ಆ ಗಂಟೆ ಯಾವ ಕಾಗದದಲ್ಲೂ ಇಲ್ಲ. ಜ್ವರದಲ್ಲಿ ಎಂದಾದರೂ ಬಡಬಡಿಸಿದ್ದೆನೇ? ಅಥವಾ ಅವನು ಹೇಳಿದ ಮೇಲೆಯೇ ನನಗೆ ಅದು ಕೇಳಿಸತೊಡಗಿತೇ? ಈಗ ಕಣ್ಣು ಮುಚ್ಚಿದರೆ ಕಲ್ಲು ಎಸೆಯುವವನ ಬೆನ್ನು ಕಾಣುತ್ತದೆ — ಅಣ್ಣನ ಬೆನ್ನು.

"ಅಣ್ಣಾ, ಕಲ್ಲ ಒಗದಾಂವ ನಾನು. ನಿಮ್ಮಪ್ಪನ ಹೆಸರು ಹೇಳಿದಾಂವ ನಾನು."

ಅವನು ಕನಿಕರದಿಂದ ನೋಡಿದ. "ನಿನ್ನ ನೌಕರಿ ಹೋಗತದ, ತಮ್ಮಾ. ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ. ನನಗ ನೆನಪದ."

ಗೌರಿ ನನ್ನನ್ನೇ ನೋಡುತ್ತಿದ್ದಳು. "ಕಾಕಾ, ಬರದು ಕೊಡ್ರಿ," ಎಂದಳು.

ಬರೆದು ಸಹಿ ಮಾಡಿದೆ: ಒಂದು ಪ್ರತಿ ಅವಳ ಅರ್ಜಿಯ ಜೊತೆ, ಒಂದು ಠಾಣೆಗೆ, ಒಂದು ನನ್ನ ಕಚೇರಿಗೆ. ಕಚೇರಿಯಿಂದ ನೋಟಿಸು ಬಂದಿದೆ. ಗೌರಿಗೆ ಇನ್ನೂ ಉತ್ತರವಿಲ್ಲ.

ಪ್ರತಿ ಭಾನುವಾರ ಅಣ್ಣನ ಬಳಿ ಹೋಗಿ ಅದೇ ಮಾತು ಹೇಳುತ್ತೇನೆ. ಅವನು ನಂಬುವವರೆಗೂ ಹೇಳುತ್ತೇನೆ. ಅವನು ಚಹಾ ತರಿಸಿ, ತಾನು ಆ ದಿನ ಮಾಡಿದ್ದನ್ನು ನನಗೆ ವಿವರಿಸುತ್ತಾನೆ. ಹೋದ ಭಾನುವಾರ ಹೇಳಿದ್ದರಲ್ಲಿ ನಾನೂ ಇದ್ದೆ — ಒಗೀಬ್ಯಾಡ ಅಣ್ಣಾ ಎಂದು ಅವನ ಕೈ ಹಿಡಿದುಕೊಂಡಿದ್ದೆನಂತೆ.