ಬಾವುಟದ ಪೈಪಿನಲ್ಲಿ ಗಿರಿಜಕ್ಕನ ಕೊಡೆ

ಗೆಳೆಯರೇ, ನಾನು ಮೀನಿನ ವ್ಯಾಪಾರ ಶುರು ಮಾಡಿಲ್ಲ.

ಇವತ್ತಿನ ರಾಜ್ಯೋತ್ಸವದ ಬೈಕ್ ಜಾಥಾಕ್ಕೆಂದು ಪಿವಿಸಿ ಪೈಪು, ಕ್ಲಾಂಪು ಹಾಕಿ ಸ್ಕೂಟರಿನ ಹಿಂದೆ ಬಾವುಟದ ಸ್ಟ್ಯಾಂಡನ್ನು ನಾನೇ ಮಾಡಿದ್ದೆ. ಕಾಪು ಮೀನು ಮಾರ್ಕೆಟಿನ ಎದುರು ನಿಮಗಾಗಿ ಕಾಯುತ್ತಿರುವಾಗ ಮಳೆ ಬಂತು. ಬಾವುಟವನ್ನು ಮಡಚಿ ಸೀಟಿನ ಅಡಿಗೆ ಹಾಕಿ ಪಕ್ಕದ ಅಂಗಡಿಗೆ ಓಡಿದೆ. ತಿರುಗಿ ನೋಡಿದರೆ ನನ್ನ ಪೈಪಿನಲ್ಲಿ ಮೀನು ಮಾರುವ ಗಿರಿಜಕ್ಕನ ದೊಡ್ಡ ಕೊಡೆ! ಅದರ ಅಡಿಯಲ್ಲಿ ಗಿರಿಜಕ್ಕ ಮತ್ತು ಒಂದು ಬುಟ್ಟಿ ಬಂಗುಡೆ.

“ಅಕ್ಕಾ, ಅದು ಬಾವುಟಕ್ಕೆ ಮಾಡಿದ್ದು.”

“ಬಾವುಟ ಎಲ್ಲುಂಟು?”

“ಸೀಟಿನ ಅಡಿಯಲ್ಲಿ ಉಂಟು. ಒದ್ದೆ ಆಗ್ತದಲ್ವಾ?”

“ಬಾವುಟ ಒದ್ದೆ ಆಗ್ಬಾರ್ದು, ನಾನು ಒದ್ದೆ ಆಗ್ಬಹುದಾ ಮಾರಾಯ?”

ಕೊಡೆ ವಾಲದಂತೆ ಸ್ಕೂಟರ್ ಹಿಡಿದುಕೊಂಡು ನಿಂತೆ. ಅದೇ ಹೊತ್ತಿಗೆ ನಿಮ್ಮ ಜಾಥಾ ಬಂತು. ನಿಮ್ಮಲ್ಲೇ ಒಬ್ಬರು “ಬಂಗುಡೆ ಹೇಗೆ ಮಾರಾಯ?” ಎಂದು ಕೂಗಿದರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕ ರೇಟು ಹೇಳಿಯಾಗಿತ್ತು.

ಮಳೆ ನಿಲ್ಲುವಾಗ ಬುಟ್ಟಿ ಖಾಲಿ, ಜಾಥಾ ಉಡುಪಿ ಮುಟ್ಟಿತ್ತು. ಆದರೆ ಒಂದು ಮಾತು ಹೇಳಲೇಬೇಕು. ಅಂಥ ಗಾಳಿಯಲ್ಲೂ ನನ್ನ ಸ್ಟ್ಯಾಂಡ್ ಒಂಚೂರೂ ಅಲ್ಲಾಡಲಿಲ್ಲ.