ಬೆಟ್ಟದ ಬೀದಿಯಲ್ಲಿ ಒಲೆ ಹಚ್ಚಲಿಲ್ಲ

ಅವತ್ತೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲು ಕಾಯಲು ಇಟ್ಟು ಹಿತ್ತಲ ಬಾಗಿಲು ತೆಗೆದೆ. ಬೆಟ್ಟದಜ್ಜಿ ಬಂದಿರಲಿಲ್ಲ. ದಿನಾ ಆ ಹೊತ್ತಿಗೆ ಮಡಿಲಲ್ಲಿ ಕಣಗಿಲೆ ಹೂ ತಂದು ಕಟ್ಟೆಯ ಮೇಲೆ ಸುರಿದು, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದಳು. ಲೋಟ ತಾನೇ ತೊಳೆದು ಬೋರಲು ಹಾಕುವಳು. ಅವತ್ತು ಕಟ್ಟೆಯ ಮೇಲೆ ಹಿಂದಿನ ದಿನದ ಲೋಟದ ದುಂಡು ಕಲೆ ಮಾತ್ರ ಇತ್ತು.

ಅಜ್ಜಿಯ ಊರು ನಮ್ಮೂರಿನ ಹಿಂದಿನ ಬೆಟ್ಟದ ಮೇಲಿತ್ತು. ಅಲ್ಲಿ ನೀರು ಬತ್ತಿ, ಇದ್ದೊಂದು ಶಾಲೆಯೂ ಮುಚ್ಚಿದ ಮೇಲೆ ಅವರಿಗೆಲ್ಲ ನಮ್ಮ ಕೆರೆ ಏರಿಯ ಪಕ್ಕ ಸೈಟು ಕೊಟ್ಟು ಕೆಳಗಿಳಿಸಿದರು. ಅವರ ಊರಿನ ಹೆಸರು ಹೋಯಿತು. ಮನೆಗಳ ಸಾಲಿಗೆ ಬೆಟ್ಟದ ಬೀದಿ ಅಂತ ಹೆಸರಾಯಿತು.

ನಾನು ಓದಿದ ಕಾನ್ವೆಂಟಿನಲ್ಲಿ ಯಾರಾದರೂ ತೀರಿಕೊಂಡರೆ ಎರಡು ನಿಮಿಷ ಮೌನ, ಆಮೇಲೆ ಕ್ಲಾಸು. ಊರಲ್ಲಿ ಹೆಣ ಇರುವ ತನಕ ಯಾವ ಮನೆಯಲ್ಲೂ ಒಲೆ ಹಚ್ಚಬಾರದು ಅನ್ನುವುದನ್ನು ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ಕಲಿತೆ. ನಮ್ಮ ಮಾವ ತೀರಿಕೊಂಡ ದಿನ ಬೆಟ್ಟದ ಬೀದಿಯಲ್ಲಿ ಸಂಜೆಯವರೆಗೂ ಹೊಗೆ ಏಳಲಿಲ್ಲ. ಅಜ್ಜಿ ನಮ್ಮ ಅಂಗಳದಲ್ಲಿ ನೀರೂ ಮುಟ್ಟದೆ ಕೂತಿದ್ದಳು. ಆಮೇಲೊಂದು ದಿನ ಲೋಟ ತೊಳೆಯುತ್ತಾ ಅಂದಳು: "ನಾನು ಹೋದ ದಿನ ನೀವೂ ಒಂದೊತ್ತು ಒಲೆ ಹಚ್ಚಬ್ಯಾಡಿ ತಾಯಿ. ಇನ್ನೇನೂ ಬ್ಯಾಡ. ಇದೂ ನಮ್ಮೂರೇ ಅಂತ ನನ್ ಮಕ್ಕಳಿಗೆ ಗೊತ್ತಾಗ್ಲಿ."

ಅವತ್ತು ಹಾಲು ಉಕ್ಕುವ ಹೊತ್ತಿಗೆ ಅಜ್ಜಿಯ ಮಗ ಹಿತ್ತಲಿಗೆ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅವ್ವ ಹೋಗ್ಬಿಡ್ತು ಕಣಕ್ಕ. ರಾತ್ರಿ ಮಲಗಿದ್ದೋಳು ಏಳ್ಲೇ ಇಲ್ಲ."

ನಾನು ಗ್ಯಾಸ್ ಆರಿಸಿದೆ.

ಅವತ್ತೇ ಪಕ್ಕದ ಮನೆಯವರ ಗೃಹಪ್ರವೇಶ. ಬೆಳಗಿನ ಜಾವವೇ ಹಸು ಒಳಗೆ ಹೋಗಿ ಬಂದಿತ್ತು, ಶಾಮಿಯಾನ ಎದ್ದಿತ್ತು, ದೊಡ್ಡ ಪಾತ್ರೆಗಳಲ್ಲಿ ಬೇಳೆ ನೆನೆದಿತ್ತು. ಅಜ್ಜಿಯ ಮಗ ಅಲ್ಲಿಗೂ ಹೇಳಲು ಹೋದ. ನಾನು ಅವನ ಹಿಂದೆಯೇ ಹೋಗಿ ಗೇಟಿನ ಹತ್ತಿರ ನಿಂತೆ. ಆ ಮನೆಯ ಯಜಮಾನರ ಮಾತು ಊರಲ್ಲಿ ಯಾರೂ ಮೀರುವುದಿಲ್ಲ; ನಾನು ಅವರನ್ನು ಭಾವ ಅನ್ನುತ್ತೇನೆ. ಹೊಸ ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಾ ಕೇಳಿಸಿಕೊಂಡರು.

"ಪಾಪ, ವಯಸ್ಸಾಗಿತ್ತು. ಆದ್ರೆ ನಿಮ್ಮದು ಬೇರೆ ಊರಲ್ವೇನಪ್ಪಾ? ನಾವ್ಯಾಕೆ ಒಲೆ ಆರಿಸ್ಬೇಕು?"

"ಈಗ ಎರಡೂ ಒಂದೇ ಊರಲ್ವಾ ಭಾವ?" ಅಂದೆ.

"ಅದು ನಲ್ಲಿಗೆ, ಓಟಿಗೆ ಕಣಮ್ಮ. ಸಾವಿಗಲ್ಲ."

ಸೌಟು ಹಿಡಿದಿದ್ದ ಅಡಿಗೆಯವನು ನಕ್ಕುಬಿಟ್ಟ. ಭಾವ ಅಜ್ಜಿಯ ಮಗನ ಹೆಗಲ ಮೇಲೆ ಕೈಯಿಟ್ಟು, ಮೆತ್ತಗೆ, ಮದುವೆಗೆ ಕರೆಯುವವರ ಹಾಗೆ ಹೇಳಿದರು. "ಸ್ಮಶಾನದ ದಾರಿ ನಮ್ಮ ಶಾಮಿಯಾನದ ಮುಂದೇ ಹೋಗುತ್ತೆ. ನೆಂಟ್ರು ಬರೋ ಹೊತ್ತು. ನಿಮ್ಮ ಹಳೇ ಊರಲ್ಲೇ ಜಾಗ ಇದೆಯಲ್ಲ, ಅಲ್ಲೇ ಮಣ್ಣು ಮಾಡಿ. ಏರಿ ಹಿಂದ್ಗಡೆಯಿಂದ ಹೋಗ್ಬಿಡಿ. ಪಂಕ್ತಿ ಏಳೋ ತನಕ ತಮಟೆ ಮಾತ್ರ ಹೊಡೆಸ್ಬೇಡಿ."

"ಆಗ್ಲಿ ಅಣ್ಣ," ಅಂದ ಮಗ. ಹೋಗುವಾಗ ಗೇಟನ್ನು ಸದ್ದಾಗದ ಹಾಗೆ ಮುಚ್ಚಿಕೊಂಡು ಹೋದ.

ನಾನು ಮನೆಗೆ ಬಂದಾಗ ಅತ್ತೆ ಮತ್ತೆ ಗ್ಯಾಸ್ ಹಚ್ಚಿ ಹಾಲಿನ ಪಾತ್ರೆ ಇಟ್ಟಿದ್ದರು.

"ಮಾವ ಹೋದ ದಿನ ಅವರ್ಯಾರೂ ಹಚ್ಚಿರ್ಲಿಲ್ಲ ಅತ್ತೆ."

"ಅದು ಅವರು ಮಾಡ್ಬೇಕಾದ್ದು, ಮಾಡಿದ್ರು," ಅಂದರು. "ಸಕ್ಕರೆ ಡಬ್ಬಿ ಕೊಡು."

ಮಧ್ಯಾಹ್ನ ಪಕ್ಕದ ಮನೆಯಲ್ಲಿ ನಾನೂ ಬಡಿಸಲು ನಿಂತೆ. ಕೋಸಂಬರಿ ನನ್ನ ಪಾಲಿಗೆ ಬಂತು. ಎಲೆಯಿಂದ ಎಲೆಗೆ ಬಾಗುವಾಗ ಶಾಮಿಯಾನದ ಸಂದಿಯಲ್ಲಿ ಬೆಟ್ಟದ ಕಾಲುದಾರಿ ಕಾಣುತ್ತಿತ್ತು. ಅಜ್ಜಿಯನ್ನು ಹೊತ್ತವರು ಹತ್ತುತ್ತಿದ್ದರು. ಯಾರೂ ಓಡಾಡದ ದಾರಿ. ಅಡ್ಡಬಂದ ಮುಳ್ಳುಗಿಡಗಳನ್ನು ಮುಂದೊಬ್ಬ ಮಚ್ಚಿನಲ್ಲಿ ಸವರುವ ತನಕ ಚಟ್ಟ ನಿಲ್ಲುತ್ತಿತ್ತು, ಆಮೇಲೆ ಹೊರಡುತ್ತಿತ್ತು. ಎಲ್ಲರ ಹಿಂದೆ ತಮಟೆಯವನು ತಮಟೆಯನ್ನು ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದ.

"ಇನ್ನೊಂಚೂರು ಹಾಕಮ್ಮ," ಅಂತ ಯಾರೋ ಎಲೆ ತಟ್ಟಿದರು. ಹಾಕಿದೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಅಕ್ಕ, ಭಾವನ ಹೆಂಡತಿ, ಸ್ಟೀಲ್ ಡಬ್ಬಿಯಲ್ಲಿ ಪಾಯಸ ತಂದರು. ರೇಷ್ಮೆ ಸೀರೆ ಬದಲಿಸಿದ್ದರೂ ಮುಡಿದ ಮಲ್ಲಿಗೆ ತೆಗೆದಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ, ಲೋಟದ ಕಲೆಯ ಪಕ್ಕವೇ ಡಬ್ಬಿ ಇಟ್ಟು ಸೊಂಟ ಹಿಡಿದುಕೊಂಡು ಕೂತರು.

"ತುಂಬಾ ಮಿಕ್ಕೋಯ್ತು ಕಣಮ್ಮ. ಬೆಟ್ಟದ ಬೀದಿಗೂ ಒಂದು ಬಕೆಟ್ ಕಳ್ಸಿದ್ದೆ, ಮುಟ್ಟದೆ ವಾಪಸ್ ಕಳ್ಸಿದ್ದಾರೆ. ಒಂದೇ ಊರೋರು ಅಂದ್ಮೇಲೆ ಇಷ್ಟೊಂದು ಬಿಗುಮಾನ ಇರ್ಬಾರ್ದಪ್ಪ."